ಹೊತ್ತಿಗೆ ತಕ್ಕ ಬೆಳಕು

ರಾತ್ರಿ ಒಂಬತ್ತೂವರೆಯ ಸಮಯ. ಊಟ ಮುಗಿದಿದೆ. ಪಡಸಾಲೆಯಲ್ಲಿ ಬೆಳ್ಳಗೆ ಹೊಳೆಯುವ ಟ್ಯೂಬ್‌ಲೈಟಿನ ಕೆಳಗೆ ಮನೆಮಂದಿಯೆಲ್ಲ ಕುಳಿತಿದ್ದಾರೆ. ಅಜ್ಜನವರ ಕೈಯಲ್ಲಿ ಒಂದು ಮೊಬೈಲು, ಅದರಲ್ಲಿ ಪ್ರವಚನ. ತಾಯಿಯ ಕೈಯಲ್ಲಿ ಇನ್ನೊಂದು, ಅದರಲ್ಲಿ ಧಾರಾವಾಹಿ. ತಂದೆಯವರು ವಾಟ್ಸ್ಆ್ಯಪ್ ಗುಂಪಿನ ಸಂದೇಶಗಳನ್ನು ಒಂದೊಂದಾಗಿ ತೆರೆಯುತ್ತಿದ್ದಾರೆ. ಹತ್ತನೆಯ ತರಗತಿಯ ಮಗ ಮೂಲೆಯಲ್ಲಿ ದಿಂಬಿಗೆ ಒರಗಿ, ಪಾಠದ ವೀಡಿಯೊ ಎಂದು ಆರಂಭಿಸಿದ್ದು ಈಗ ಬೇರೆಲ್ಲಿಗೋ ಹೋಗಿದೆ. ಮರುದಿನ ಬೆಳಗಿನ ಆರು ಗಂಟೆಗೆ ಅದೇ ಬಾಲಕನನ್ನು ಎಬ್ಬಿಸಲು ಮನೆಯವರೆಲ್ಲ ಹರಸಾಹಸ ಪಡುತ್ತಾರೆ. 'ಸೂರ್ಯ ನೆತ್ತಿಗೆ ಬಂದರೂ ಏಳುವುದಿಲ್ಲ, ಶುದ್ಧ ಸೋಮಾರಿ' ಎಂಬ ಮಾತು ಅವನ ದಿನದ ಮೊದಲ ಮಾತಾಗುತ್ತದೆ.

ಈ ಮಾತು ಅನ್ಯಾಯದ ಮಾತು ಎಂಬುದೇ ಇಲ್ಲಿ ನಾವು ಹೇಳಬಯಸುವ ವಿಚಾರ. ಆ ಬಾಲಕನ ನಿದ್ರೆಯನ್ನು ಕದ್ದವರಲ್ಲಿ ಹಿರಿಯರಾದ ನಾವೂ ಸೇರಿದ್ದೇವೆ. ಮನೆಯ ಸಂಜೆಯನ್ನು ನಡುಹಗಲನ್ನಾಗಿ ಮಾಡಿದವರು ನಾವು. ಆ ದೀಪವನ್ನು ತಂದು ಹಾಕಿದವರು ನಾವು, ಮೊಬೈಲನ್ನು ಕೊಡಿಸಿದವರು ನಾವು, ಅದನ್ನು ಮಲಗುವವರೆಗೂ ಕೆಳಗಿಡದೆ ಮೇಲ್ಪಂಕ್ತಿ ಹಾಕಿಕೊಟ್ಟವರೂ ನಾವೇ. ಹಾಗಾಗಿ ಮಗನನ್ನು ತಿದ್ದುವ ಮೊದಲು ಮನೆಯ ಬೆಳಕನ್ನು ತಿದ್ದಿಕೊಳ್ಳುವುದು ಲೇಸು. ಹೇಗೆ, ಏಕೆ ಎಂಬುದನ್ನು ವಿಚಾರ ಮಾಡೋಣ.

ಕಣ್ಣಿನ ಇನ್ನೊಂದು ಕೆಲಸ

ಕಣ್ಣು ಇರುವುದು ನೋಡುವುದಕ್ಕೆ ಎಂದು ನಾವೆಲ್ಲ ತಿಳಿದಿದ್ದೇವೆ. ಅದಕ್ಕೆ ಇನ್ನೊಂದು ಕೆಲಸವೂ ಇದೆ. ಅದು ದೇಹಕ್ಕೆ ಹೊತ್ತನ್ನು ತಿಳಿಸುವ ಕೆಲಸ. ನಮ್ಮ ಮೆದುಳಿನಲ್ಲಿ, ಎರಡೂ ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಸ್ಥಳದ ತುಸು ಮೇಲೆ, ಸುಮಾರು 20,000 ನರಕೋಶಗಳ ಒಂದು ಸಣ್ಣ ಗುಂಪಿದೆ. ದೇಹದ ಜೈವಿಕ ಗಡಿಯಾರ ಎಂದು ಕರೆಯುವುದು ಇದನ್ನೇ. ಯಾವಾಗ ಮೈಯ ಶಾಖ ಇಳಿಯಬೇಕು, ಯಾವಾಗ ಎಚ್ಚರವಿರಬೇಕು, ಯಾವಾಗ ನಿದ್ರೆ ಬರಬೇಕು ಎಂಬುದಕ್ಕೆಲ್ಲ ಇದರ ಅಪ್ಪಣೆ ಬೇಕು. ಆದರೆ ಈ ಗಡಿಯಾರ ತುಸು ನಿಧಾನ. ಹಗಲು ರಾತ್ರಿಗಳ ಸುಳಿವು ಸಿಗದಂತೆ ಮಂದ ಬೆಳಕಿನಲ್ಲಿ ಜನರನ್ನು ಇರಿಸಿ ಅಮೆರಿಕದ ಹಾರ್ವರ್ಡಿನ ಚಾರ್ಲ್ಸ್ ಝೈಸ್ಲರ್ ಮತ್ತು ಅವರ ಸಂಗಡಿಗರು 1999ರಲ್ಲಿ ಇದನ್ನು ಅಳೆದರು. ಅದರ ಒಂದು ದಿನವೆಂದರೆ ಸರಾಸರಿ 24 ಗಂಟೆ 11 ನಿಮಿಷ ಎಂದು ಕಂಡುಬಂದಿತು. ದಿನವೂ ಹಿಂದೆ ಬೀಳುವ ಈ ಗಡಿಯಾರವನ್ನು ದಿನವೂ ತಿದ್ದಿ ಸರಿಪಡಿಸುವುದು ಮುಖ್ಯವಾಗಿ ಬೆಳಗಿನ ಬೆಳಕು.

ಬೆಳಕಿನ ಸುದ್ದಿಯನ್ನು ಗಡಿಯಾರಕ್ಕೆ ಮುಟ್ಟಿಸುವವರು ಯಾರು? ಇದಕ್ಕೆ ಉತ್ತರ ಸಿಕ್ಕದ್ದು ತೀರ ಇತ್ತೀಚೆಗೆ. 1998ರಲ್ಲಿ ಇಗ್ನೇಶಿಯೊ ಪ್ರೊವೆನ್ಸಿಯೊ ಮತ್ತು ಸಂಗಡಿಗರು ಕಪ್ಪೆಯ ಚರ್ಮದ ಕೋಶಗಳಲ್ಲಿ ಬೆಳಕಿಗೆ ಸ್ಪಂದಿಸುವ ಒಂದು ವಸ್ತುವನ್ನು ಗುರುತಿಸಿ ಅದಕ್ಕೆ ಮೆಲನಾಪ್ಸಿನ್ ಎಂದು ಹೆಸರಿಟ್ಟರು. ಅದೇ ವಸ್ತು ಮನುಷ್ಯರ ಕಣ್ಣಿನ ಅಕ್ಷಿಪಟಲದಲ್ಲಿಯೂ ಇರುವುದು ಬಳಿಕ ತಿಳಿಯಿತು. ಇಂತಹ ಕೋಶಗಳು ತಾವಾಗಿಯೇ ಬೆಳಕನ್ನು ಗ್ರಹಿಸಿ ನೇರವಾಗಿ ಜೈವಿಕ ಗಡಿಯಾರಕ್ಕೆ ಸುದ್ದಿ ಕಳುಹಿಸುತ್ತವೆ ಎಂಬುದನ್ನು 2002ರಲ್ಲಿ ಡೇವಿಡ್ ಬರ್ಸನ್ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿಕೊಟ್ಟರು. ಈ ಕೋಶಗಳು ಎಲ್ಲ ಬಣ್ಣಗಳಿಗೂ ಸಮನಾಗಿ ಓಗೊಡುವುದಿಲ್ಲ. 480 ನ್ಯಾನೊಮೀಟರ್ ಸುಮಾರಿನ ತರಂಗಾಂತರಕ್ಕೆ, ಅಂದರೆ ತಿಳಿಯಾದ ಹಗಲಿನ ಆಕಾಶದ ನೀಲಿಗೆ, ಅವು ಅತ್ಯಂತ ಚುರುಕಾಗಿ ಸ್ಪಂದಿಸುತ್ತವೆ. ನೀಲಿ ಕಂಡರೆ ಅವುಗಳ ಪಾಲಿಗೆ ಹಗಲು. ಕೆಂಪು ಹಳದಿಯ ಮಂದ ಬೆಳಕಾದರೆ ಹೊತ್ತು ಮುಳುಗಿತೆಂದು ಅರ್ಥ.

ಹೊತ್ತು ಮುಳುಗಿತೆಂಬ ಸುದ್ದಿ ತಲುಪಿದ ಮೇಲೆ ಮೆದುಳಿನ ನಡುವೆ ಇರುವ, ಅಕ್ಕಿಕಾಳಿನ ಗಾತ್ರದ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಆರನ್ ಲರ್ನರ್ ಎಂಬ ವೈದ್ಯರು 1958ರಲ್ಲಿ ಈ ರಸವನ್ನು ಬೇರ್ಪಡಿಸಿ ಹೆಸರಿಟ್ಟರು. ಇದು ನಿದ್ರೆಯ ಔಷಧವೆಂದು ಹಲವರು ತಿಳಿದಿದ್ದಾರೆ. ಅದಕ್ಕಿಂತ, ಇರುಳಾಯಿತೆಂದು ದೇಹದ ಓಣಿಓಣಿಗಳಲ್ಲಿ ಡಂಗುರ ಸಾರುವವನು ಎಂದು ತಿಳಿಯುವುದು ಹೆಚ್ಚು ಸರಿ. ಪ್ರಖರ ಬೆಳಕು ಬಿದ್ದರೆ ಮನುಷ್ಯರಲ್ಲಿ ಈ ಡಂಗುರ ನಿಂತುಹೋಗುತ್ತದೆ ಎಂಬುದನ್ನು 1980ರಲ್ಲಿ ಆಲ್ಫ್ರೆಡ್ ಲೂಯಿ ಮತ್ತು ಸಂಗಡಿಗರು ತೋರಿಸಿದರು.

ದೀಪ ಬದಲಾದ ಬಗೆ

ಬೆಳಕನ್ನು ದೂರುವುದು ನಮ್ಮ ಉದ್ದೇಶವಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿತು. ಹಳ್ಳಿಗಳಿಗೆ ಅದು ಬರುವ ವೇಳೆಗೆ ಹಲವು ದಶಕಗಳು ಕಳೆದವು. ಚಿಮಣಿ ಬುಡ್ಡಿಯ ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ಓದಿದ, ಕಂದೀಲು ಹಿಡಿದು ಕೊಟ್ಟಿಗೆಗೆ ಹೋಗಿ ಬಂದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಭಾಗ್ಯಜ್ಯೋತಿಯ ಒಂದೇ ಒಂದು ಬಲ್ಬು ಮನೆಗೆ ಬಂದ ದಿನ ಆದ ಸಂತೋಷವನ್ನು ಅವರು ಇಂದಿಗೂ ನೆನೆಯುತ್ತಾರೆ. ಆ ಕತ್ತಲೆಗೆ ಮರಳಬೇಕೆಂದು ಯಾರೂ ಹೇಳಲಾರರು.

ಆದರೆ ಒಂದು ಅಂಶವನ್ನು ಗಮನಿಸಬೇಕು. ಬುಡ್ಡಿಯ ದೀಪವಾಗಲಿ, ಕಂದೀಲಾಗಲಿ, ತಂತಿ ಕಾದು ಬೆಳಗುವ ಹಳೆಯ ಬಲ್ಬಾಗಲಿ ಕೊಡುತ್ತಿದ್ದುದು ಹಳದಿ ಬೆಳಕು. ಅದರಲ್ಲಿ ನೀಲಿಯ ಪಾಲು ಅಲ್ಪ. ಇಂದಿನ ಬಿಳಿ ಎಲ್‌ಇಡಿ ಬಲ್ಬಿನ ಒಳಗೆ ಬೆಳಗುವುದು ನೀಲಿ ದೀಪವೇ ಆಗಿದೆ. ಅದರ ಮೇಲೆ ಹಳದಿ ಬೆಳಕು ಕೊಡುವ ಲೇಪನ ಬಳಿದಿರುವುದರಿಂದ ಎರಡೂ ಬೆರೆತು ನಮಗೆ ಬಿಳಿಯಾಗಿ ಕಾಣುತ್ತದೆ. ಲೇಪನ ತೆಳುವಾದಷ್ಟೂ ನೀಲಿ ಹೆಚ್ಚು. ನೀಲಿ ಎಲ್‌ಇಡಿಯನ್ನು ಸಾಧಿಸಿದ ಜಪಾನ್ ಮೂಲದ ಮೂವರು ವಿಜ್ಞಾನಿಗಳಾದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಅದು ಯೋಗ್ಯವಾದ ಪ್ರಶಸ್ತಿಯೇ ಸರಿ. 60 ವ್ಯಾಟಿನ ಬಲ್ಬು ಮಾಡುತ್ತಿದ್ದ ಕೆಲಸವನ್ನು ಎಲ್‌ಇಡಿ 9 ವ್ಯಾಟಿನಲ್ಲಿ ಮಾಡುತ್ತದೆ. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಉಜಾಲಾ ಯೋಜನೆಯಲ್ಲಿ ದೇಶದಾದ್ಯಂತ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ವಿತರಣೆಯಾದವು. ಮನೆಯ ಕರೆಂಟ್ ಬಿಲ್ಲು ಇಳಿಯಿತು, ನಾಡಿಗೂ ಉಳಿತಾಯವಾಯಿತು.

ಬಲ್ಬು ಕೊಳ್ಳುವಾಗ ಅದರ ಪೊಟ್ಟಣದ ಮೇಲೆ ಒಂದು ಅಂಕಿ ಇರುವುದನ್ನು ನಾವು ಓದುವುದಿಲ್ಲ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮೇಣದ ಬತ್ತಿಯದು ಸುಮಾರು 1900, ಹಳೆಯ ಹಳದಿ ಬಲ್ಬಿನದು ಸುಮಾರು 2700. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವ 'ಕೂಲ್ ಡೇಲೈಟ್' ಬಲ್ಬಿನದು 6500. 'ಡೇಲೈಟ್' ಎಂದರೆ ಹಗಲಿನ ಬೆಳಕು ಎಂದು ಪೊಟ್ಟಣವೇ ಹೇಳುತ್ತಿದೆ. ಹಗಲಿನ ಬೆಳಕನ್ನು ರಾತ್ರಿ ಹತ್ತು ಗಂಟೆಗೆ ಮಲಗುವ ಕೋಣೆಯ ಸೂರಿಗೆ ತೂಗುಹಾಕಿ, ನಿದ್ರೆ ಬರುತ್ತಿಲ್ಲವೆಂದು ನಾವು ಹೊರಳಾಡುತ್ತಿದ್ದೇವೆ.

ಪ್ರಯೋಗಗಳು ಏನು ಹೇಳುತ್ತವೆ

116 ಮಂದಿ ಆರೋಗ್ಯವಂತರನ್ನು ಒಳಗೊಂಡ, 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಲಗುವ ಮುನ್ನಿನ ಗಂಟೆಗಳನ್ನು ಕೆಲವು ದಿನ ಮಂದ ಬೆಳಕಿನಲ್ಲಿ, ಕೆಲವು ದಿನ ಸಾಮಾನ್ಯ ಕೋಣೆಯ ಬೆಳಕಿನಲ್ಲಿ ಕಳೆಯುವಂತೆ ಮಾಡಿದರು. ಸಾಮಾನ್ಯ ಕೋಣೆಯ ಬೆಳಕಿನಲ್ಲಿಯೇ ಮೆಲಟೋನಿನ್ ತಡವಾಗಿ ಏರಿತು, ಅದು ರಕ್ತದಲ್ಲಿ ಇರುವ ಅವಧಿ ಸುಮಾರು 90 ನಿಮಿಷ ಕಡಿಮೆಯಾಯಿತು. ಇಲ್ಲಿ ಮೊಬೈಲಿನ ಮಾತೇ ಇಲ್ಲ, ತಲೆಯ ಮೇಲಿನ ದೀಪ ಮಾತ್ರ ಇದ್ದಿತು ಎಂಬುದು ಗಮನಾರ್ಹ.

2014ರ ಡಿಸೆಂಬರಿನಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 12 ಮಂದಿ ಐದು ರಾತ್ರಿ ಬೆಳಕು ಸೂಸುವ ಪರದೆಯ ಮೇಲೆ, ಇನ್ನೈದು ರಾತ್ರಿ ಮುದ್ರಿತ ಪುಸ್ತಕದಲ್ಲಿ ನಾಲ್ಕು ನಾಲ್ಕು ಗಂಟೆ ಓದಿ ಮಲಗಿದರು. ಪರದೆಯ ಮೇಲೆ ಓದಿದಾಗ ಮೆಲಟೋನಿನ್ ಅರ್ಧಕ್ಕಿಂತ ಹೆಚ್ಚು ಕುಗ್ಗಿತು, ದೇಹದ ಗಡಿಯಾರ ಒಂದೂವರೆ ಗಂಟೆ ತಡವಾಯಿತು, ಮರುದಿನ ಬೆಳಗಿನ ಚುರುಕು ತಗ್ಗಿತು. ಆದರೆ ನಿದ್ರೆ ಹತ್ತಲು ಹೆಚ್ಚಾಗಿ ತಗುಲಿದ ಸಮಯ ಸುಮಾರು ಹತ್ತು ನಿಮಿಷ ಮಾತ್ರ. ಈ ಅಂಕಿಯನ್ನು ಮುಚ್ಚಿಟ್ಟು ಹೆದರಿಸುವುದು ನಮಗೆ ಸರಿಯೆನಿಸುವುದಿಲ್ಲ.

ಮೂರನೆಯದು ನಮಗೆ ಬಹಳ ಹಿಡಿಸಿದ ಪ್ರಯೋಗ. 2013ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಎಂಟು ಮಂದಿಯನ್ನು ಅಮೆರಿಕದ ಕೊಲರಾಡೊ ಪರ್ವತಗಳಲ್ಲಿ ಒಂದು ವಾರ ಡೇರೆಗಳಲ್ಲಿ ಇರಿಸಿದರು. ಟಾರ್ಚು, ಮೊಬೈಲು ಯಾವುದೂ ಇರಲಿಲ್ಲ. ಹಗಲು ಬಿಸಿಲು, ರಾತ್ರಿ ಕಟ್ಟಿಗೆಯ ಬೆಂಕಿಯ ಬೆಳಕು ಅಷ್ಟೇ. ಒಂದೇ ವಾರದಲ್ಲಿ ಅವರ ದೇಹದ ಗಡಿಯಾರ ಸುಮಾರು ಎರಡು ಗಂಟೆ ಮುಂಚಿತವಾಯಿತು. ರಾತ್ರಿ ತಡವಾಗಿ ಮಲಗುವುದೇ ತಮ್ಮ ಸ್ವಭಾವ ಎಂಬಂತಿದ್ದವರ ಗಡಿಯಾರವೂ ಇತರರ ಹತ್ತಿರಕ್ಕೆ ಬಂದಿತು. ಸ್ವಭಾವವೆಂದು ನಾವು ತಿಳಿದಿರುವುದರಲ್ಲಿ ದೀಪದ ಪಾಲು ಎಷ್ಟಿದೆ ಎಂಬುದನ್ನು ಇದು ತೋರಿಸುತ್ತದೆ.

ಮಕ್ಕಳ ಕಣ್ಣು

ಮಕ್ಕಳ ಕಣ್ಣಿನ ಪಾಪೆ ಹಿರಿಯರದಕ್ಕಿಂತ ದೊಡ್ಡದು, ಮಸೂರ ಹೆಚ್ಚು ತಿಳಿಯಾದುದು. ವಯಸ್ಸಾದಂತೆ ನಮ್ಮ ಮಸೂರ ಹಳದಿಗಟ್ಟಿ ನೀಲಿಯನ್ನು ತಡೆಯುತ್ತದೆ. ಆದುದರಿಂದ ಒಂದೇ ಪಡಸಾಲೆಯ ಒಂದೇ ದೀಪ ಅಜ್ಜನಿಗೂ ಮೊಮ್ಮಗನಿಗೂ ಒಂದೇ ಅಲ್ಲ. ಜಪಾನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಬೆಳಕಿಗೆ ಪ್ರಾಥಮಿಕ ಶಾಲೆಯ ಮಕ್ಕಳ ಮೆಲಟೋನಿನ್ ದೊಡ್ಡವರದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕುಗ್ಗಿತು.

ಇದರ ಜೊತೆಗೆ, ಪ್ರಾಯಕ್ಕೆ ಬರುವ ವಯಸ್ಸಿನಲ್ಲಿ ದೇಹದ ಗಡಿಯಾರ ತಾನಾಗಿಯೇ ತಡವಾಗುತ್ತದೆ. ಇದು ಆ ವಯಸ್ಸಿನ ಧರ್ಮ, ಮಗುವಿನ ತಪ್ಪಲ್ಲ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ರೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಹನ್ನೊಂದೂವರೆಗೆ ಮಲಗಿ ಐದೂವರೆಗೆ ಏಳುವ ಹತ್ತನೆಯ ತರಗತಿಯ ವಿದ್ಯಾರ್ಥಿಗೆ ದೊರೆಯುವುದು ಆರು ಗಂಟೆ. ಹಗಲಿನಲ್ಲಿ ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲಿ. ಹೀಗಿರುವಾಗ ನಿದ್ರೆಗೆಟ್ಟು ಓದುವುದೆಂದರೆ ಸೋರುವ ಕೊಡದಲ್ಲಿ ನೀರು ತಂದಂತೆ. ಅಂಕ ಕಡಿಮೆ ಬಂದಾಗ ಬುದ್ಧಿಯನ್ನು ದೂರುವ ತಂದೆತಾಯಿಗಳು ಮನೆಯ ಹತ್ತು ಗಂಟೆಯ ದೀಪವನ್ನೂ ಒಮ್ಮೆ ನೋಡಬೇಕು.

ಕೊಳ್ಳಬೇಕಾದುದು ಕಡಿಮೆ, ಬಿಡಬೇಕಾದುದು ಹೆಚ್ಚು

ನೀಲಿ ಬೆಳಕಿನ ಭಯ ಹುಟ್ಟಿದ ಕೂಡಲೇ ಅದರ ವ್ಯಾಪಾರವೂ ಹುಟ್ಟಿತು. ಕನ್ನಡಕದ ಅಂಗಡಿಗೆ ಹೋದರೆ 'ಬ್ಲೂ ಕಟ್' ಮಸೂರ ಹಾಕಿಸಿಕೊಳ್ಳಿ ಎನ್ನುತ್ತಾರೆ. ವೈದ್ಯಕೀಯ ಅಧ್ಯಯನಗಳನ್ನು ಒರೆಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯು 2023ರಲ್ಲಿ ಈ ಕುರಿತ ಪ್ರಯೋಗಗಳನ್ನೆಲ್ಲ ಪರಿಶೀಲಿಸಿತು. ಇಂತಹ ಮಸೂರಗಳಿಂದ ಕಣ್ಣಿನ ಆಯಾಸ ಅಲ್ಪಾವಧಿಯಲ್ಲಿ ಕಡಿಮೆಯಾಗುವ ಸಂಭವವಿಲ್ಲ, ನಿದ್ರೆಗೆ ಲಾಭವಿದೆ ಎನ್ನಲು ಖಚಿತ ಆಧಾರವಿಲ್ಲ ಎಂಬುದು ಅದರ ತೀರ್ಮಾನ. ಸಾಮಾನ್ಯವಾಗಿ ಇವು ನೀಲಿಯ 10ರಿಂದ 25 ಭಾಗವನ್ನಷ್ಟೇ ತಡೆಯುತ್ತವೆ. ಮೊಬೈಲಿನ 'ನೈಟ್ ಮೋಡ್' ಪರದೆಯನ್ನು ಹಳದಿಯಾಗಿಸುತ್ತದೆ, ಆದರೆ ಬೆಳಕಿನ ಪ್ರಖರತೆ ಹಾಗೆಯೇ ಇದ್ದರೆ ಅದೊಂದರಿಂದಲೇ ನಿದ್ರೆ ಸುಧಾರಿಸದು. ಅದರ ಒಳಗೆ ಓಡುವ ಜಗಳ, ಹಾಸ್ಯ, ಸುದ್ದಿ, ಆಟಗಳಿಗೆ ಹಳದಿ ಬಣ್ಣ ಹಚ್ಚಿದರೂ ಮನಸ್ಸು ತಣಿಯುವುದಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದರು ಹಿಂದಿನವರು. ಇಂದು ಸಂತೆಯನ್ನೇ ಹಾಸಿಗೆಗೆ ಹೊತ್ತು ತಂದಿದ್ದೇವೆ.

ಹಾಗಾದರೆ ಮಾಡಬೇಕಾದುದೇನು? ನಮ್ಮ ಮನೆಯಲ್ಲಿ ನಡೆಸಿ ನೋಡಿದ, ಹೆಚ್ಚಿನ ಖರ್ಚಿಲ್ಲದ ಕೆಲವು ಕ್ರಮಗಳನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು ಬೆಳಗಿನ ಬಿಸಿಲು. ಎದ್ದ ಮೇಲೆ ಅರ್ಧ ಗಂಟೆಯಾದರೂ ಅಂಗಳದಲ್ಲಿ, ಮಾಳಿಗೆಯಲ್ಲಿ, ಹೊಲದ ದಾರಿಯಲ್ಲಿ ಇರಬೇಕು. ಮೋಡ ಕವಿದ ಹಗಲಿನಲ್ಲಿಯೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಹಲವು ಪಟ್ಟು ಹೆಚ್ಚು. ಸ್ವೀಡನ್ನಿನ ಉಪ್ಸಾಲಾದಲ್ಲಿ 2016ರಲ್ಲಿ ನಡೆದ ಪ್ರಯೋಗದಲ್ಲಿ ಹಗಲಿನಲ್ಲಿ ಆರೂವರೆ ಗಂಟೆ ಪ್ರಖರ ಬೆಳಕಿನಲ್ಲಿದ್ದವರು ಸಂಜೆ ಎರಡು ಗಂಟೆ ಟ್ಯಾಬ್ಲೆಟ್‌ನಲ್ಲಿ ಓದಿದರೂ ಅವರ ಮೆಲಟೋನಿನ್ ಕುಗ್ಗಲಿಲ್ಲ. ಹಗಲು ಹಗಲಾಗಿದ್ದರೆ ಇರುಳು ಇರುಳಾಗಿ ಉಳಿಯುತ್ತದೆ. ಬೆಳಿಗ್ಗೆ ನೀಲಿ ಬೆಳಕು ಔಷಧ, ರಾತ್ರಿ ಅದೇ ಅಪಥ್ಯ.

ಎರಡನೆಯದು ದೀಪದ ಬದಲಾವಣೆ. ಅಡುಗೆಮನೆಗೂ ಕೆಲಸದ ಸ್ಥಳಕ್ಕೂ ಬಿಳಿ ದೀಪವಿರಲಿ. ಪಡಸಾಲೆಯಲ್ಲಿ ಹಾಗೂ ಮಲಗುವ ಕೋಣೆಯಲ್ಲಿ 2700 ಅಥವಾ 3000 ಕೆಲ್ವಿನ್ ಎಂದು ಬರೆದ, 'ವಾರ್ಮ್ ವೈಟ್' ಎನ್ನುವ ಕಡಿಮೆ ವ್ಯಾಟಿನ ಎಲ್‌ಇಡಿ ಬಲ್ಬೊಂದನ್ನು ಹಾಕಿಸಬೇಕು. ಹಳೆಯ ಬಲ್ಬು ಕೆಟ್ಟಾಗ ಹೊಸದನ್ನು ಹೀಗೆ ಆರಿಸಿಕೊಂಡರೆ ಸಾಕು. ಮಲಗುವುದಕ್ಕೆ ಒಂದು ಗಂಟೆ ಮೊದಲು, ಸಾಧ್ಯವಾದರೆ ಎರಡು ಗಂಟೆ ಮೊದಲು, ಟ್ಯೂಬ್‌ಲೈಟನ್ನು ಆರಿಸಿ ಇದನ್ನು ಹಚ್ಚಬೇಕು. ದೀಪ ತಲೆಯ ಮೇಲಿರುವುದಕ್ಕಿಂತ ಗೋಡೆಯ ಬದಿಯಲ್ಲಿ ಕೆಳಗಿದ್ದರೆ ಉತ್ತಮ. ರಾತ್ರಿಯಿಡೀ ಉರಿಯುವ ನೀಲಿ ಝೀರೋ ಬಲ್ಬು ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಅದರ ಬೆಳಕು ಅಲ್ಪವೇ ಆದರೂ, ಬೇಕೇ ಬೇಕೆನ್ನುವವರು ಕೆಂಪು ಅಥವಾ ಹಳದಿಯದನ್ನು ಆರಿಸಿಕೊಳ್ಳಲಿ.

ಮೂರನೆಯದು ಮೊಬೈಲಿನ ಸ್ಥಾನ. ಮಲಗುವ ಕೋಣೆಯ ಹೊರಗೆ, ಎಲ್ಲರಿಗೂ ಕಾಣುವಂತೆ, ಮನೆಯ ಎಲ್ಲ ಮೊಬೈಲುಗಳನ್ನೂ ಚಾರ್ಜಿಗೆ ಇಡುವ ಒಂದು ಗೂಡು ಇರಲಿ. ಬೆಳಿಗ್ಗೆ ಏಳಲು ಹಳೆಯ ಅಲಾರಾಂ ಗಡಿಯಾರ ಸಾಕು. ತುರ್ತು ಕರೆಯ ಭಯವಿದ್ದರೆ ಗಂಟೆಯ ದನಿ ಜೋರಾಗಿರಲಿ, ಕೈಗೆ ಸಿಗದಷ್ಟು ದೂರವಿರಲಿ. ರಾತ್ರಿ ಓದಲೇಬೇಕಾದ ಮಕ್ಕಳು ಪುಸ್ತಕದ ಮೇಲಷ್ಟೇ ಬೀಳುವ ಹಳದಿ ದೀಪದಲ್ಲಿ ಮುದ್ರಿತ ಪುಸ್ತಕ ಓದಲಿ. ಮೊಬೈಲಿನ ಪಾಠಗಳನ್ನು ಸಂಜೆ ಏಳರ ಒಳಗೆ ಮುಗಿಸುವ ಕ್ರಮ ಮಾಡಿಕೊಳ್ಳಲಿ.

ನಾಲ್ಕನೆಯದು ಒಂದು ಎಚ್ಚರಿಕೆ. ಬೆಳಕು ತಗ್ಗಿಸುವ ಉತ್ಸಾಹದಲ್ಲಿ ವೃದ್ಧರು ಎಡವಿ ಬೀಳುವಂತಾಗಬಾರದು. ಹಾಸಿಗೆಯಿಂದ ಬಚ್ಚಲಮನೆಯವರೆಗಿನ ದಾರಿಯಲ್ಲಿ ನೆಲದ ಹತ್ತಿರ ಮಂದವಾದ ಹಳದಿ ದೀಪವಿರಲಿ. ಹಾಗೆಯೇ, ಮೂರು ನಾಲ್ಕು ವಾರ ಕ್ರಮ ಪಾಲಿಸಿದರೂ ನಿದ್ರೆ ಬಾರದಿದ್ದರೆ, ಜೋರಾದ ಗೊರಕೆಯ ನಡುವೆ ಉಸಿರು ಕಟ್ಟುವಂತಿದ್ದರೆ, ಮನಸ್ಸು ಸದಾ ಕುಗ್ಗಿದಂತಿದ್ದರೆ ವೈದ್ಯರನ್ನು ಕಾಣಬೇಕು. ಅದು ದೀಪದಿಂದ ಪರಿಹಾರವಾಗುವ ತೊಂದರೆಯಲ್ಲ. ಮೆಲಟೋನಿನ್ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ತಾವೂ ನುಂಗಬಾರದು, ಮಕ್ಕಳಿಗಂತೂ ಕೊಡಲೇಬಾರದು. ಮೊಬೈಲು ಬಿಡಲಾಗದಷ್ಟು ಅಂಟಿಕೊಂಡಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಎಂಬ ಚಿಕಿತ್ಸಾಲಯವಿದೆ. ಅಲ್ಲಿಗೆ ಹೋಗಲು ಸಂಕೋಚ ಬೇಡ.

ಕಾಯಕಕ್ಕಾಗಿ ಎಚ್ಚರವಿರುವವರು

ಎಲ್ಲರಿಗೂ ಈ ನಿಯಮ ಸಲ್ಲದು ಎಂಬ ಅರಿವು ನಮಗಿದೆ. ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟು ನಡುರಾತ್ರಿಯಲ್ಲಿ ಬಂದರೆ ರೈತ ಹೊಲಕ್ಕೆ ಹೋಗಲೇಬೇಕು. ಆಸ್ಪತ್ರೆಯ ದಾದಿಯರು, ಬಸ್ಸಿನ ಚಾಲಕರು, ಕಾರ್ಖಾನೆಯ ರಾತ್ರಿ ಪಾಳಿಯವರು ಎಚ್ಚರವಿರುವುದರಿಂದಲೇ ನಾವು ನಿಶ್ಚಿಂತೆಯಿಂದ ಮಲಗುತ್ತೇವೆ. ಅವರಿಗೆ ಕೆಲಸದ ಹೊತ್ತಿನಲ್ಲಿ ಬಿಳಿ ಬೆಳಕೇ ಬೇಕು, ಅದು ಅಪಘಾತ ತಪ್ಪಿಸುತ್ತದೆ. ಬೆಳಿಗ್ಗೆ ಮನೆಗೆ ಬಂದು ಮಲಗುವಾಗ ಕಿಟಕಿಗೆ ದಪ್ಪ ಪರದೆ ಎಳೆದು ಕತ್ತಲೆ ಮಾಡಿಕೊಡುವುದು, ಸದ್ದು ಮಾಡದಿರುವುದು ಉಳಿದವರ ಕರ್ತವ್ಯ. ಹಗಲಲ್ಲಿ ಮಲಗಿದ್ದಾನೆಂದು ಅವರನ್ನು ಹಳಿಯುವುದು ಆ ಹತ್ತನೆಯ ತರಗತಿಯ ಬಾಲಕನಿಗೆ ಆಡಿದ ಮಾತಿನಷ್ಟೇ ಅನ್ಯಾಯ.

ಮೊದಲು ಹಿರಿಯರು

ಕೊನೆಯದಾಗಿ ನಮ್ಮದೇ ಒಂದು ತಪ್ಪೊಪ್ಪಿಗೆ. ಕಳೆದ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಮೊಬೈಲುಗಳನ್ನು ಗೂಡಿಗೆ ಸೇರಿಸುವ ನಿಯಮ ಮಾಡಿದೆವು. ಮೊದಲ ವಾರವೇ ನಿಯಮ ಮುರಿಯಿತು. ಮುರಿದವರು ಮಕ್ಕಳಲ್ಲ. 'ಒಂದು ಮುಖ್ಯ ಸಂದೇಶ ನೋಡಬೇಕಿತ್ತು' ಎಂದು ಗೂಡಿಗೆ ಕೈ ಹಾಕಿದವರು ನಾವೇ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ನೆನಪಾಗಿ ನಾಚಿಕೆಯಾಯಿತು. ಎರಡನೆಯ ವಾರ ನಮ್ಮ ಮೊಬೈಲನ್ನು ಮೊದಲು ಇಟ್ಟೆವು. ಮಕ್ಕಳು ಮರುಮಾತಿಲ್ಲದೆ ತಮ್ಮದನ್ನೂ ಇಟ್ಟರು. ಹಳದಿ ದೀಪದ ಕೆಳಗೆ ಮೊದಲೆರಡು ದಿನ ಏನು ಮಾತನಾಡಬೇಕೆಂದೇ ತಿಳಿಯಲಿಲ್ಲ. ಮೂರನೆಯ ದಿನ ಅಜ್ಜಿಯವರು ತಮ್ಮ ತವರೂರಿನ ಜಾತ್ರೆಯ ಸಂಗತಿ ತೆಗೆದರು. ಈಗ ಹತ್ತು ಗಂಟೆಯ ಹೊತ್ತಿಗೆ ಮಕ್ಕಳೇ ಆಕಳಿಸುತ್ತಾರೆ. ಬೆಳಿಗ್ಗೆ ಎಬ್ಬಿಸುವ ಗದ್ದಲ ಪೂರ್ತಿ ನಿಂತಿಲ್ಲ, ಆದರೆ 'ಸೋಮಾರಿ' ಎಂಬ ಮಾತು ನಿಂತಿದೆ.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಇಂದು ರಾತ್ರಿ ಊಟವಾದ ಮೇಲೆ ಪಡಸಾಲೆಯ ದೊಡ್ಡ ದೀಪವನ್ನು ಆರಿಸಿ ಸಣ್ಣ ದೀಪವನ್ನು ಹಚ್ಚಿರಿ. ಮೊಬೈಲನ್ನು ಗೂಡಿಗೆ ಮೊದಲು ಸೇರಿಸುವ ಕೈ ಮನೆಯ ಹಿರಿಯರದಾಗಿರಲಿ.